ನಾಡು ಬದಲಾಯಿತು, ಕಾನೂನು ಉಳಿಯಿತು: ಸಕಲ ಸಂತರ ಹಬ್ಬದ ಚಿಂತನೆ



ನವೆಂಬರ್ 1 ನಮ್ಮ ಧರ್ಮಕೇಂದ್ರಗಳಲ್ಲಿ ಎರಡು ಹಬ್ಬಗಳ ದಿನ. ಬೆಳಿಗ್ಗೆ ಸಕಲ ಸಂತರ ಮಹೋತ್ಸವದ ಬಲಿಪೂಜೆ. ಪೂಜೆ ಮುಗಿದ ಮೇಲೆ ಶಾಲೆಯ ಅಂಗಳದಲ್ಲಿ ಕನ್ನಡದ ಬಾವುಟ, ಮಕ್ಕಳ ಹಾಡು, ಸಿಹಿ. ಸ್ವರ್ಗದ ಸಂತರನ್ನೂ ಭೂಮಿಯ ನಾಡನ್ನೂ ಒಂದೇ ದಿನ ನೆನೆಯುವ ಈ ಭಾಗ್ಯವನ್ನು ನಾವು ಕೇವಲ ಪಂಚಾಂಗದ ಹೊಂದಾಣಿಕೆ ಎಂದು ಬಿಟ್ಟುಬಿಡಬಾರದು. ಆ ದಿನ ನಮ್ಮ ನಾಡಿನಲ್ಲಿ ನಡೆದದ್ದೇನು, ಅದರಲ್ಲಿ ನಮ್ಮ ಕುಟುಂಬಗಳಿಗೆ ಇರುವ ಪಾಠವೇನು ಎಂಬುದನ್ನು ಈ ಹಬ್ಬದ ಸಂದರ್ಭದಲ್ಲಿ ಒಟ್ಟಾಗಿ ಚಿಂತಿಸೋಣ.

ಕೊಡಗಿನ ಪಶ್ಚಿಮದ ಅಂಚಿನಲ್ಲಿರುವ ಕರಿಕೆಯನ್ನು ನೆನೆದುಕೊಳ್ಳಿ. ಭಾಗಮಂಡಲದಿಂದ ಕಾಡಿನ ನಡುವೆ ಇಳಿಯುವ ರಸ್ತೆ ಕರಿಕೆಯನ್ನು ದಾಟಿ ಕೇರಳದ ಪಾಣತ್ತೂರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ರಾಜಪುರಂ, ಆಮೇಲೆ ಕಾಞಂಗಾಡ್. ಇಲ್ಲಿನ ಮಾತಿನಲ್ಲಿ ಕನ್ನಡ, ಅರೆಭಾಷೆ, ಮಲಯಾಳ ಮೂರೂ ಬೆರೆತಿವೆ. ನೆಂಟಸ್ತನವೂ ವ್ಯಾಪಾರವೂ ಗಡಿಯ ಎರಡೂ ಕಡೆ ಹರಡಿಕೊಂಡಿವೆ. 1956ರ ಅಕ್ಟೋಬರ್ 31ರ ರಾತ್ರಿ ಮಲಗಿದಾಗ ಕರಿಕೆಯವರು ‘ಕೂರ್ಗ್’ ಎಂಬ ಪುಟ್ಟ ರಾಜ್ಯದ ಪ್ರಜೆಗಳಾಗಿದ್ದರು. ಆ ರಾಜ್ಯಕ್ಕೆ ತನ್ನದೇ ಶಾಸನಸಭೆಯಿತ್ತು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದರು. ಪಾಣತ್ತೂರಿನವರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವರಾಗಿದ್ದರು. ಬೆಳಗಾಗುವ ಹೊತ್ತಿಗೆ ಕರಿಕೆ ವಿಶಾಲ ಮೈಸೂರು ರಾಜ್ಯದಲ್ಲಿತ್ತು, ಪಾಣತ್ತೂರು ಹೊಸ ಕೇರಳದಲ್ಲಿತ್ತು. ಯಾರೂ ಮನೆ ಬಿಟ್ಟು ಹೋಗಲಿಲ್ಲ, ಯಾರ ತೋಟದ ಬೇಲಿಯೂ ಅಲುಗಲಿಲ್ಲ. ಆದರೆ ಎಲ್ಲರ ಮೇಲಿನ ರಾಜ್ಯ ಬದಲಾಗಿತ್ತು.

ಹಾಗಾದರೆ ಅವರ ಮೇಲಿದ್ದ ಕಾನೂನು? ಅದು ಬದಲಾಗಲಿಲ್ಲ. ನಮ್ಮ ಇಂದಿನ ಚಿಂತನೆ ಇರುವುದೇ ಇಲ್ಲಿ.

ರಾಜ್ಯ ಹೋದರೂ ಶಾಸನ ಇರುತ್ತದೆ

1956ರ ರಾಜ್ಯಗಳ ಪುನರ್ವಿಂಗಡಣಾ ಕಾಯಿದೆಯಲ್ಲಿ 119ನೆಯ ಕಲಮು ಎಂಬುದೊಂದಿದೆ. ಅದರ ತಾತ್ಪರ್ಯ ಇಷ್ಟು: ಯಾವ ಪ್ರದೇಶದಲ್ಲಿ ಯಾವ ಕಾನೂನು ನಡೆಯುತ್ತಿತ್ತೋ, ಆ ಪ್ರದೇಶ ಬೇರೆ ರಾಜ್ಯಕ್ಕೆ ಸೇರಿದ ಮೇಲೂ, ಅಧಿಕಾರವುಳ್ಳ ಶಾಸನಸಭೆ ಬೇರೆ ತೀರ್ಮಾನ ಮಾಡುವ ತನಕ, ಆ ಕಾನೂನೇ ಅಲ್ಲಿ ನಡೆಯುತ್ತದೆ. ಆದ್ದರಿಂದ ಹೊಸ ಮೈಸೂರು ರಾಜ್ಯ ಹುಟ್ಟಿದಾಗ ಅದು ಹೆಸರಿಗೆ ಒಂದೇ ರಾಜ್ಯವಾದರೂ ಕಾನೂನಿನಲ್ಲಿ ಹಲವು ನಾಡುಗಳ ಕೂಟವಾಗಿತ್ತು. ಹಳೇ ಮೈಸೂರಿಗೆ ಮಹಾರಾಜರ ಕಾಲದ ಕಾಯಿದೆ, ಧಾರವಾಡ ಬೆಳಗಾವಿಗಳಿಗೆ ಮುಂಬಯಿಯ ಕಾಯಿದೆ, ಕಲಬುರಗಿ ರಾಯಚೂರಿಗೆ ಹೈದರಾಬಾದಿನ ಕಾಯಿದೆ, ಮಂಗಳೂರಿಗೆ ಮದ್ರಾಸಿನ ಕಾಯಿದೆ, ಕೊಡಗಿಗೆ ಕೊಡಗಿನದೇ ಕಾಯಿದೆ. ಕೊಡಗಿನ ಜಮೀನಿನ ವ್ಯವಹಾರವೆಲ್ಲ 1899ರ ಕೂರ್ಗ್ ಭೂ ಮತ್ತು ಕಂದಾಯ ನಿಬಂಧನೆಯ ಪ್ರಕಾರವೇ ನಡೆಯುತ್ತಿತ್ತು. ಕೊಡಗು ಎಂಬ ರಾಜ್ಯ ಇಲ್ಲವಾಗಿ ಏಳು ವರ್ಷ ಕಳೆದರೂ ಅದರ ಕಂದಾಯದ ಕಾನೂನು ಬದುಕಿತ್ತು. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂ ಕಂದಾಯ ಕಾಯಿದೆ ಬಂದಾಗ ಅದು ರದ್ದಾಯಿತು.

ಆಗಲೂ ಹಳೆಯದೆಲ್ಲ ಅಳಿಯಲಿಲ್ಲ. ಅದೇ 1964ರ ಕಾಯಿದೆಯ 79ನೆಯ ಕಲಮನ್ನು ನೋಡಿದರೆ ನಾಡಿನ ಹಳೆಯ ಹಕ್ಕುಗಳ ಹೆಸರುಗಳು ಸಾಲಾಗಿ ಕಾಣುತ್ತವೆ. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಹಳೇ ಮೈಸೂರಿನ ಕಾನು ಮತ್ತು ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆ. ಅವುಗಳಿಂದ ಜನ ಅನುಭವಿಸುತ್ತಿದ್ದ ಸವಲತ್ತು ಮುಂದುವರಿಯಲಿ ಎಂದು ಹೊಸ ಕಾನೂನೇ ಹೇಳಿತು. ಜಮ್ಮಾ ಹಕ್ಕು ಕೊಡಗಿನ ರಾಜರ ಕಾಲದ್ದು. ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಕಂಪೆನಿ ಸರಕಾರ ಪದಚ್ಯುತಗೊಳಿಸಿತು. ಕಂಪೆನಿಯೂ ಹೋಯಿತು, ರಾಣಿಯ ಸರಕಾರವೂ ಹೋಯಿತು, ಕೂರ್ಗ್ ರಾಜ್ಯವೂ ಹೋಯಿತು. ಆದರೆ ‘ಜಮ್ಮಾ’ ಎಂಬ ಪದ ಪಹಣಿಯಲ್ಲಿ ಉಳಿದುಕೊಂಡಿತು.

ಕೋವಿಯ ವಿಷಯವೂ ಹಾಗೆಯೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಬ್ರಿಟಿಷ್ ಆಡಳಿತ ವಿನಾಯಿತಿ ಕೊಟ್ಟದ್ದು 1861ರಲ್ಲಿ. ಸ್ವತಂತ್ರ ಭಾರತ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸುವ ಮನೆಗಳಲ್ಲಿ, ಇಲ್ಲವಾದ ಒಂದು ಸಾಮ್ರಾಜ್ಯದ ಆದೇಶ ಇನ್ನೂ ಗೋಡೆಯ ಮೇಲೆ ತೂಗುತ್ತಿದೆ ಎಂದರೆ ತಪ್ಪಾಗದು.

ಹೀಗೇಕೆ? ಉತ್ತರ ಸರಳ. ರಾಜ್ಯಗಳು ಒಂದು ರಾತ್ರಿಯಲ್ಲಿ ಬದಲಾಗಬಹುದು, ಜನಜೀವನ ಹಾಗೆ ಬದಲಾಗದು. ನಿನ್ನೆ ಮಾಡಿದ ಮದುವೆ ಇಂದೂ ಮದುವೆಯೇ ಆಗಿರಬೇಕು. ನಿನ್ನೆ ಬರೆದ ಕ್ರಯಪತ್ರ ಇಂದೂ ಸಲ್ಲಬೇಕು. ನಿನ್ನೆ ಕೊಟ್ಟ ಸಾಲ ಇಂದೂ ತೀರಬೇಕು. ಹಳೆಯ ಕಾನೂನನ್ನೆಲ್ಲ ಒಮ್ಮೆಗೇ ಕಿತ್ತುಹಾಕಿದರೆ ಬಡವನಿಗೆ ನಿಲ್ಲಲು ನೆಲವಿರುವುದಿಲ್ಲ. ನಮ್ಮ ನೆರೆಯಲ್ಲೇ ಇದಕ್ಕೆ ಕಹಿ ಉದಾಹರಣೆಯಿದೆ. 1834ರಲ್ಲಿ ಕೊಡಗು ಕಂಪೆನಿಯ ಕೈಸೇರಿದಾಗ ಅಮರ ಸುಳ್ಯ, ಬೆಳ್ಳಾರೆ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. 1837ರ ಅಮರ ಸುಳ್ಯದ ದಂಗೆಗೆ ಇದ್ದ ಕಾರಣಗಳಲ್ಲಿ ಇದೂ ಒಂದು.

ದೊಡ್ಡ ಲೋಕದಲ್ಲೂ ಇದೇ ರೀತಿ

1947ರಲ್ಲಿ ಬ್ರಿಟಿಷ್ ಆಡಳಿತದಿಂದ ಬಿಡುಗಡೆ ಪಡೆದಾಗ ಭಾರತವೂ ಇದನ್ನೇ ಮಾಡಿತು. ನಮ್ಮ ಸಂವಿಧಾನದ 372ನೆಯ ಅನುಚ್ಛೇದದ ಪ್ರಕಾರ, ಸಂವಿಧಾನಕ್ಕೆ ವಿರುದ್ಧವಾಗದ ಹಳೆಯ ಕಾನೂನುಗಳು ಬದಲಾಗುವ ತನಕ ಮುಂದುವರಿಯುತ್ತವೆ. 1860ರ ದಂಡ ಸಂಹಿತೆ ಸ್ವತಂತ್ರ ಭಾರತದಲ್ಲಿ 2024ರ ಜೂನ್ ಕೊನೆಯವರೆಗೆ ನಡೆಯಿತು. ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಅದೇ 1860ರ ಸಂಹಿತೆ ಪಾಕಿಸ್ತಾನ, ಬಾಂಗ್ಲಾದೇಶಗಳಲ್ಲಿ ಇನ್ನೂ ನಡೆಯುತ್ತಿದೆ. 1872ರ ಕ್ರೈಸ್ತ ವಿವಾಹ ಕಾಯಿದೆ ನಮ್ಮಲ್ಲಿರುವಂತೆ ಪಾಕಿಸ್ತಾನದ ಕ್ರೈಸ್ತ ಸಹೋದರರಲ್ಲಿಯೂ ತಿದ್ದುಪಡಿಗಳೊಂದಿಗೆ ಉಳಿದಿದೆ. ನಾಡುಗಳು ಬೇರೆಯಾಗಿ ಮುಕ್ಕಾಲು ಶತಮಾನ ಕಳೆದರೂ ಮದುವೆಯ ಕಾನೂನಿನ ಬೇರು ಒಂದೇ.

ಬ್ರಿಟನ್ನಿಗೂ ಇದೇ ಅನುಭವವಾಯಿತು. 1973ರಲ್ಲಿ ಯೂರೋಪಿನ ಒಕ್ಕೂಟಕ್ಕೆ ಸೇರಿದ್ದ ಆ ದೇಶ 2016ರಲ್ಲಿ ಜನಮತ ಪಡೆದು 2020ರ ಜನವರಿ 31ರಂದು ಹೊರಬಂತು. 47 ವರ್ಷ ಒಕ್ಕೂಟದ ನಿಯಮಗಳು ಆ ದೇಶದ ಆಹಾರ, ಔಷಧ, ಕಾರ್ಮಿಕರ ರಜೆ, ನದಿನೀರು ಎಲ್ಲದರೊಳಗೂ ಹೆಣೆದುಕೊಂಡಿದ್ದವು. ಒಕ್ಕೂಟ ಬೇಡವೆಂದವರೂ ಆ ನಿಯಮಗಳನ್ನು ಒಂದೇ ದಿನ ಬಿಡಲು ಆಗಲಿಲ್ಲ. 2018ರಲ್ಲಿ ಅವರ ಸಂಸತ್ತು ಕಾಯಿದೆ ಮಾಡಿ ಆ ನಿಯಮಗಳನ್ನು ತನ್ನ ದೇಶದ ಕಾನೂನಾಗಿ ಉಳಿಸಿಕೊಂಡಿತು. 2023ರ ಕೊನೆಗೆ ಅವೆಲ್ಲವೂ ತಾನಾಗಿ ಬಿದ್ದುಹೋಗಲಿ ಎಂಬ ಮಸೂದೆ ಬಂದಿತ್ತು. ಕಡೆಗೆ ಅದನ್ನೂ ಬದಲಿಸಿ, ಸುಮಾರು 600 ನಿಯಮಗಳನ್ನು ಪಟ್ಟಿಮಾಡಿ ರದ್ದುಮಾಡಿದರು, ಉಳಿದ ಸಾವಿರಾರು ನಿಯಮಗಳಿಗೆ ಹೆಸರು ಮಾತ್ರ ಬದಲಾಯಿತು. ಒಕ್ಕೂಟದ ಬಾವುಟ ಇಳಿಸುವುದಕ್ಕೆ ಒಂದು ರಾತ್ರಿ ಸಾಕಾಯಿತು. ಒಕ್ಕೂಟದ ಕಾನೂನನ್ನು ಒಂದೊಂದಾಗಿ ಕೈಗೆತ್ತಿಕೊಂಡು ‘ಇದು ಬೇಕೇ, ಬೇಡವೇ’ ಎಂದು ಕೇಳುವ ಕೆಲಸ ವರ್ಷಗಟ್ಟಲೆ ಹಿಡಿಯಿತು.

ಪ್ರಿಯರೇ, ‘ಇದು ಬೇಕೇ, ಬೇಡವೇ’ ಎಂಬ ಆ ಪ್ರಶ್ನೆಯನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳೋಣ. ಏಕೆಂದರೆ ಹಳೆಯ ಕಾನೂನು ತಾನಾಗಿ ಉಳಿಯುತ್ತದೆ. ಆದರೆ ಉಳಿದದ್ದೆಲ್ಲ ನ್ಯಾಯವಲ್ಲ.

ಎರಡು ನಾಡು, ಎರಡು ಹಳೆಯ ಕಾನೂನು

ನಮ್ಮ ಕಥೋಲಿಕ ಕುಟುಂಬಗಳಿಗೆ ಹತ್ತಿರವಾದ ಎರಡು ಉದಾಹರಣೆಗಳನ್ನು ನೋಡೋಣ. ಕೊಂಕಣಿ ಮಾತನಾಡುವ ನಮ್ಮ ಅನೇಕ ಕುಟುಂಬಗಳ ಹಿರಿಯರು ಗೋವೆಯಿಂದ ಬಂದವರು. 1961ರ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಆದರೆ 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆ ಅಲ್ಲಿ ಉಳಿಯಿತು. ಪೋರ್ಚುಗಲ್ ದೇಶವೇ 1966ರಲ್ಲಿ ಅದನ್ನು ಬಿಟ್ಟು ಹೊಸ ಸಂಹಿತೆ ಮಾಡಿಕೊಂಡಿತು, ಗೋವೆ ಬಿಡಲಿಲ್ಲ. ಆ ಸಂಹಿತೆಯ ಪ್ರಕಾರ ಮಗನೂ ಮಗಳೂ ಸಮಾನ ವಾರಸುದಾರರು. ತಂದೆತಾಯಿ ಉಯಿಲು ಬರೆದರೂ ಆಸ್ತಿಯ ಅರ್ಧಭಾಗವನ್ನು ಮಕ್ಕಳಿಂದ ತಪ್ಪಿಸಲಾಗದು. ಗೋವೆಯ ಶಾಸನಸಭೆ 2012ರಲ್ಲಿ ಉತ್ತರಾಧಿಕಾರಕ್ಕೆ ತನ್ನದೇ ಕಾಯಿದೆ ಮಾಡಿದಾಗಲೂ ಈ ತತ್ವಗಳನ್ನು ಉಳಿಸಿಕೊಂಡಿತು. ಆಳಿದವರು ಪರಕೀಯರು, ಅವರ ಆಳ್ವಿಕೆಯಲ್ಲಿ ನೋವಿತ್ತು. ಆದರೂ ಅವರ ಸಂಹಿತೆಯಲ್ಲಿದ್ದ ಈ ಒಳ್ಳೆಯದನ್ನು ಜನ ವಿವೇಕದಿಂದ ಇಟ್ಟುಕೊಂಡರು.

ಇನ್ನೊಂದು ತಿರುವಾಂಕೂರಿನ ಕಥೆ. ಮಲಬಾರಿನ ಬೆಟ್ಟಗಳಿಗೂ ಕಾಸರಗೋಡಿನ ಮಲೆಗೂ ಕೊಡಗಿನ ಅಂಚಿಗೂ ವಲಸೆ ಬಂದ ಕೃಷಿಕ ಕುಟುಂಬಗಳಿಗೆ ಆ ನಾಡು ತವರು. ಕೋಟ್ಟಯಂ ಧರ್ಮಪ್ರಾಂತ್ಯದ ನೇತೃತ್ವದಲ್ಲಿ ರಾಜಪುರಂನಲ್ಲಿ ವಲಸೆಗಾರರ ನೆಲೆ ಆರಂಭವಾದದ್ದು 1943ರಲ್ಲಿ. ಅವರು ಹೊರಟ ತಿರುವಾಂಕೂರು ರಾಜರ ನಾಡು, ಬಂದು ಸೇರಿದ್ದು ಮದ್ರಾಸ್ ಪ್ರಾಂತ್ಯದ ನಾಡು. ಜ್ವರ, ಕಾಡುಪ್ರಾಣಿ, ಹಸಿವು ಎಲ್ಲವನ್ನೂ ಸಹಿಸಿ ನೆಲ ಹಸನು ಮಾಡಿದ ಆ ತಾಯಿತಂದೆಯರ ವಿಶ್ವಾಸ ದೊಡ್ಡದು. ಗುಡಿಸಲು ಕಟ್ಟಿದ ಬೆನ್ನಿಗೇ ದೇವಾಲಯ ಕಟ್ಟಿದವರು ಅವರು.

ತಿರುವಾಂಕೂರಿನಲ್ಲಿ 1916ರಿಂದ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯೊಂದು ಜಾರಿಯಲ್ಲಿತ್ತು. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ‘ಸ್ತ್ರೀಧನ’ ಕೊಟ್ಟಿದ್ದರೆ ಅಥವಾ ಕೊಡುವುದಾಗಿ ಮಾತು ಕೊಟ್ಟಿದ್ದರೆ ಅದೂ ಇಲ್ಲ. ವಿಧವೆಗೆ ಗಂಡನ ಆಸ್ತಿಯಲ್ಲಿ ಬದುಕಿರುವ ತನಕ ಅನುಭೋಗ ಮಾತ್ರ, ಮರುಮದುವೆಯಾದರೆ ಅದೂ ನಿಲ್ಲುತ್ತಿತ್ತು. ಅದೇ ಹೊತ್ತಿನಲ್ಲಿ ಮಲಬಾರಿನಲ್ಲಿ, ದಕ್ಷಿಣ ಕನ್ನಡದಲ್ಲಿ ಕ್ರೈಸ್ತರಿಗೆ ಅನ್ವಯಿಸುತ್ತಿದ್ದ ಭಾರತೀಯ ಉತ್ತರಾಧಿಕಾರ ಕಾಯಿದೆ ಬೇರೆ ಮಾತು ಹೇಳುತ್ತಿತ್ತು: ವಿಧವೆಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮವಾಗಿ.

ತಿರುವಾಂಕೂರು ರಾಜ್ಯ 1949ರ ಜುಲೈ 1ರಂದು ಕೊಚ್ಚಿಯೊಂದಿಗೆ ಸೇರಿ ಇಲ್ಲವಾಯಿತು. ತಿರುವಾಂಕೂರು-ಕೊಚ್ಚಿ 1956ರಲ್ಲಿ ಇಲ್ಲವಾಗಿ ಕೇರಳವಾಯಿತು. ಆದರೆ 1916ರ ಕಾಯಿದೆ ಅಲ್ಲಿನ ನ್ಯಾಯಾಲಯಗಳಲ್ಲಿ ಜೀವಂತವಾಗಿಯೇ ಉಳಿಯಿತು. ದೆಹಲಿಯ ಸಂಸತ್ತು 1951ರಲ್ಲಿ ಒಂದು ಕಾಯಿದೆ ಮಾಡಿ, ಏಪ್ರಿಲ್ 1ರಿಂದ ಭಾರತೀಯ ಉತ್ತರಾಧಿಕಾರ ಕಾಯಿದೆಯನ್ನು ಹಿಂದಿನ ಸಂಸ್ಥಾನಗಳಿಗೂ ವಿಸ್ತರಿಸಿ, ಅದಕ್ಕೆ ಸರಿಸಮನಾದ ಸ್ಥಳೀಯ ಕಾನೂನುಗಳನ್ನು ರದ್ದುಮಾಡಿತ್ತು. ಹಾಗಿದ್ದರೂ ತಿರುವಾಂಕೂರಿನ ಕ್ರೈಸ್ತ ಕಾಯಿದೆ ಇದರಲ್ಲಿ ಸೇರುವುದಿಲ್ಲ ಎಂದು ತಿರುವಾಂಕೂರು-ಕೊಚ್ಚಿ ಉಚ್ಚ ನ್ಯಾಯಾಲಯದ ತೀರ್ಪು ಬಂದಿತ್ತು. ಜನರೂ ಹಾಗೆಯೇ ನಂಬಿದರು. 1956ರಲ್ಲಿ ಮದ್ರಾಸಿಗೆ ಸೇರಿದ ಕನ್ಯಾಕುಮಾರಿಯಲ್ಲೂ ಇದೇ ವ್ಯಾಜ್ಯ ಹುಟ್ಟಿತು, ಅಲ್ಲಿ ನ್ಯಾಯಾಧೀಶರೊಳಗೇ ಭಿನ್ನಾಭಿಪ್ರಾಯವಾಯಿತು.

ಕೊನೆಗೆ ಕೋಟ್ಟಯಂನ ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಂ ಕೋರ್ಟಿಗೆ ಹೋದರು. 1986ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ ಮತ್ತು ನ್ಯಾಯಮೂರ್ತಿ ಆರ್. ಎಸ್. ಪಾಠಕ್ ಅವರ ಪೀಠ ತೀರ್ಪು ಕೊಟ್ಟಿತು: 1916ರ ಕಾಯಿದೆ 1951ರ ಏಪ್ರಿಲ್ 1ರಂದೇ ರದ್ದಾಗಿದೆ. ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನ್ಯಾಯಾಲಯ ಆ ದಿನ ಹೆಣ್ಣುಮಕ್ಕಳಿಗೆ ಹೊಸ ಹಕ್ಕನ್ನು ಕೊಡಲಿಲ್ಲ. 35 ವರ್ಷಗಳಿಂದ ಅವರದೇ ಆಗಿದ್ದ ಹಕ್ಕನ್ನು ಎತ್ತಿ ತೋರಿಸಿತು. ಆ 35 ವರ್ಷಗಳಲ್ಲಿ ಎಷ್ಟು ತಂದೆಯರು ತೀರಿಕೊಂಡರು, ಎಷ್ಟು ಮನೆಗಳು ಪಾಲಾದವು, ಎಷ್ಟು ಅಕ್ಕತಂಗಿಯರು ಬರಿಗೈಯಲ್ಲಿ ಅಂಗಳ ಇಳಿದರು! ಸತ್ತ ಕಾನೂನೊಂದು ಬದುಕಿದ್ದವರನ್ನು ಆಳಿತ್ತು.

ತೀರ್ಪು ಬಂದಾಗ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಕುಟುಂಬಗಳು ಒಡೆಯುತ್ತವೆ, ಬ್ಯಾಂಕಿಗೆ ಒತ್ತೆಯಿಟ್ಟ ಜಮೀನುಗಳ ಗತಿಯೇನು ಎಂಬ ಕೂಗೆದ್ದಿತು. ಧರ್ಮಸಭೆಯ ಒಳಗಿನಿಂದಲೂ ವಿರೋಧದ ಮಾತುಗಳು ಬಂದವು. ಹಳೆಯ ಪದ್ಧತಿಯನ್ನು ಮತ್ತೆ ತರಲು ಮಸೂದೆಯ ಪ್ರಯತ್ನವೂ ನಡೆದು ಕೈಗೂಡಲಿಲ್ಲ. ಮೇರಿ ರಾಯ್ ಅವರು ಗೆದ್ದ ಮೇಲೂ ತಮ್ಮ ಪಾಲು ಕೈಸೇರಲು ಹಲವು ವರ್ಷ ಮತ್ತೆ ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ಅವರು 2022ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಇದನ್ನು ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಬರೆಯಲು ನಾವು ಹಿಂಜರಿಯಬಾರದು. ಸತ್ಯ ಒಪ್ಪಿಕೊಳ್ಳುವುದರಿಂದ ಧರ್ಮಸಭೆ ಸಣ್ಣದಾಗುವುದಿಲ್ಲ.

ಗಡಿ ದಾಟಿ ಬಂದ ಪದ್ಧತಿ

ಇದೆಲ್ಲ ಕೋಟ್ಟಯಂನ ಕಥೆ, ಕರಿಕೆಗೇನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ತಿರುವಾಂಕೂರಿನ ಕಾಯಿದೆ ತಿರುವಾಂಕೂರಿನ ಗಡಿಯಲ್ಲೇ ನಿಂತಿತ್ತು. ಅದು ಪಾಣತ್ತೂರಿಗೂ ಬರಲಿಲ್ಲ, ಕರಿಕೆಗೂ ಬರಲಿಲ್ಲ. ಆದರೆ ಆ ಕಾಯಿದೆಯ ಹಿಂದಿದ್ದ ಪದ್ಧತಿ ಜನರ ಮನಸ್ಸಿನಲ್ಲಿ ಕುಳಿತು, ಪಾತ್ರೆಪಗಡ, ಜಪಸರಗಳ ಜೊತೆಗೆ ಬೆಟ್ಟ ಹತ್ತಿ ಬಂತು. ‘ಮಗಳಿಗೆ ಮದುವೆಯಲ್ಲಿ ಕೊಟ್ಟಾಯಿತು, ಇನ್ನು ತೋಟ ಗಂಡುಮಕ್ಕಳದ್ದು’ ಎಂಬ ಮಾತು ಯಾವ ಶಾಸನಪುಸ್ತಕದಲ್ಲೂ ಇಲ್ಲದ ಕಡೆಯಲ್ಲೂ ಶಾಸನದಂತೆಯೇ ನಡೆಯಿತು. ಇದು ವಲಸೆ ಬಂದವರ ಮಾತು ಮಾತ್ರವಲ್ಲ. ಕೊಂಕಣಿಯವರಲ್ಲಿ, ಕನ್ನಡಿಗರಲ್ಲಿ, ತಮಿಳು ಮೂಲದವರಲ್ಲಿ ಯಾವ ಮನೆಯಲ್ಲಿ ಈ ಮಾತು ಕೇಳಿಬಂದಿಲ್ಲ?

ಕಾನೂನು ಗಡಿಯ ಕಲ್ಲಿಗೆ ಎಷ್ಟು ಅಂಟಿಕೊಂಡಿರುತ್ತದೆ ಎಂಬುದಕ್ಕೆ ನಮ್ಮ ಮದುವೆಯ ಕಾಯಿದೆಯೇ ಸಾಕ್ಷಿ. 1872ರ ಕ್ರೈಸ್ತ ವಿವಾಹ ಕಾಯಿದೆಯ ಮೊದಲ ಕಲಮು, 1956ರ ನವೆಂಬರ್ 1ಕ್ಕೆ ಮುಂಚೆ ತಿರುವಾಂಕೂರು-ಕೊಚ್ಚಿಗೆ ಸೇರಿದ್ದ ಪ್ರದೇಶಗಳನ್ನು ಹೊರಗಿಡುತ್ತದೆ. ಆದ್ದರಿಂದ ಒಂದೇ ಕೇರಳದಲ್ಲಿ ಅದು ಪಾಣತ್ತೂರಿಗೆ ಅನ್ವಯಿಸುತ್ತದೆ, ಪಾಲಾಕ್ಕೆ ಅನ್ವಯಿಸುವುದಿಲ್ಲ. ಇಲ್ಲವಾದ ರಾಜ್ಯದ ಗಡಿರೇಖೆ ಭೂಪಟದಿಂದ ಅಳಿಸಿದರೂ ಕಾಯಿದೆಯ ಪುಟದಲ್ಲಿ ಇದೆ. ಹಿಂದೂ ಸಹೋದರರಲ್ಲೂ ಇದನ್ನೇ ಕಾಣುತ್ತೇವೆ. ತುಳುನಾಡಿನ ಅಳಿಯಸಂತಾನ ಕುಟುಂಬಗಳಿಗೆ 1949ರ ಮದ್ರಾಸ್ ಕಾಯಿದೆ ಒಂದೇ ಆಗಿತ್ತು. 1956ರಲ್ಲಿ ಗಡಿ ಬಿದ್ದ ಮೇಲೆ ಕೇರಳವು ತನ್ನ ಕಡೆಯಲ್ಲಿ ಆ ಪದ್ಧತಿಯ ಕೂಡುಕುಟುಂಬವನ್ನು 1976ರಲ್ಲಿ ಕಾನೂನಿನಿಂದ ಕೊನೆಗೊಳಿಸಿತು, ಕರ್ನಾಟಕದ ಕಡೆ ಅದು ಮುಂದುವರಿಯಿತು. ಒಂದೇ ಮನೆತನದ ಎರಡು ಕವಲಿಗೆ ಎರಡು ಕಾನೂನು.

ಆದರೆ ಪದ್ಧತಿಗೆ ಗಡಿಕಲ್ಲಿನ ಹಂಗಿಲ್ಲ. ಕಾನೂನನ್ನು ಸಂಸತ್ತು ರದ್ದುಮಾಡಬಹುದು, ನ್ಯಾಯಾಲಯ ರದ್ದುಮಾಡಬಹುದು. ಪದ್ಧತಿಯನ್ನು ರದ್ದುಮಾಡುವ ಅಧಿಕಾರ ಇರುವುದು ಮನೆಯ ಜಗಲಿಯಲ್ಲಿ ಕುಳಿತ ಅಪ್ಪ ಅಮ್ಮನಿಗೆ, ಅಣ್ಣತಮ್ಮಂದಿರಿಗೆ ಮಾತ್ರ.

ಪವಿತ್ರ ಗ್ರಂಥ ಏನು ಹೇಳುತ್ತದೆ?

ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಐವರು ಸಹೋದರಿಯರು ಬರುತ್ತಾರೆ. ಚಲ್ಪಹಾದನ ಪುತ್ರಿಯರಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ತಂದೆ ಗಂಡುಮಕ್ಕಳಿಲ್ಲದೆ ಮರುಭೂಮಿಯಲ್ಲಿ ತೀರಿಕೊಂಡಿದ್ದ. ನಾಡು ಹಂಚಿಕೆಯಾಗುವಾಗ ತಂದೆಯ ಹೆಸರೇ ಅಳಿಸಿಹೋಗಬೇಕೇ ಎಂದು ಅವರು ಮೋಶೆಯ ಮುಂದೆ, ಯಾಜಕರ ಮುಂದೆ, ಇಡೀ ಸಭೆಯ ಮುಂದೆ ನಿಂತು ಕೇಳಿದರು. ಮೋಶೆ ಅವರನ್ನು ಗದರಿಸಲಿಲ್ಲ, ‘ಪದ್ಧತಿ ಹೀಗಿದೆ’ ಎಂದು ಕಳುಹಿಸಲೂ ಇಲ್ಲ. ಅವರ ಮಾತನ್ನು ದೇವರ ಮುಂದೆ ಇಟ್ಟರು. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಎಂದು ದೇವರು ತೀರ್ಪು ಕೊಟ್ಟರು, ಇಸ್ರಯೇಲಿನ ಕಾನೂನೇ ಬದಲಾಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೋಶೆ ತೀರಿಕೊಂಡು, ಜನ ಯೊರ್ದಾನ್ ದಾಟಿ, ನಾಡು ನಿಜವಾಗಿ ಹಂಚಿಕೆಯಾಗುವ ಹೊತ್ತಿಗೆ ಅದೇ ಸಹೋದರಿಯರು ಯೆಹೋಶುವನ ಮುಂದೆ ಮತ್ತೊಮ್ಮೆ ಬಂದು ನಿಂತು, ದೇವರ ಆ ಆಜ್ಞೆಯನ್ನು ನೆನಪಿಸಬೇಕಾಯಿತು. ಇದನ್ನು ಯೆಹೋಶುವನ ಗ್ರಂಥದ 17ನೆಯ ಅಧ್ಯಾಯದಲ್ಲಿ ಓದುತ್ತೇವೆ. ದೇವರೇ ಕೊಟ್ಟ ತೀರ್ಪನ್ನೂ ಎರಡನೆಯ ಸಲ ಕೇಳಿ ಪಡೆಯಬೇಕಾದರೆ, ಸುಪ್ರೀಂ ಕೋರ್ಟಿನ ತೀರ್ಪು ನಮ್ಮ ಮನೆಗೆ ತಾನಾಗಿ ನಡೆದು ಬರುತ್ತದೆಯೇ?

ಇನ್ನು ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯವನ್ನು ಗಮನಿಸಿ. ಅನ್ಯಜನರಿಂದ ಕ್ರಿಸ್ತರಲ್ಲಿ ವಿಶ್ವಾಸವಿಟ್ಟು ಬಂದವರು ಮೋಶೆಯ ಧರ್ಮಶಾಸ್ತ್ರವನ್ನೆಲ್ಲ ಪಾಲಿಸಬೇಕೇ ಎಂಬ ವಿವಾದ ಅಂತಿಯೋಕ್ಯದಲ್ಲಿ ಎದ್ದಿತು. ಆದಿಸಭೆ ಜೆರುಸಲೇಮಿನಲ್ಲಿ ಸೇರಿತು. ಪೇತ್ರರು ಮಾತನಾಡಿದರು, ಪೌಲರೂ ಬಾರ್ನಬರೂ ಮಾತನಾಡಿದರು, ಯಕೋಬರು ತೀರ್ಮಾನ ಹೇಳಿದರು. ಅವರು ಹಳೆಯದನ್ನೆಲ್ಲ ಎಸೆಯಲಿಲ್ಲ, ಹಳೆಯದನ್ನೆಲ್ಲ ಹೇರಲೂ ಇಲ್ಲ. ನಾಲ್ಕು ವಿಷಯಗಳನ್ನು ಉಳಿಸಿಕೊಂಡು, ಹೊರಲಾಗದ ನೊಗವನ್ನು ಇಳಿಸಿದರು. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಪ್ರಾರ್ಥಿಸಿ, ಚರ್ಚಿಸಿ, ಪವಿತ್ರಾತ್ಮರ ಬೆಳಕಿನಲ್ಲಿ ಆರಿಸಿದರು. ಹಳೆಯದು ಎಂಬ ಕಾರಣಕ್ಕೆ ಉಳಿಸುವುದೂ ಅಲ್ಲ, ಹಳೆಯದು ಎಂಬ ಕಾರಣಕ್ಕೆ ಕಳೆಯುವುದೂ ಅಲ್ಲ. ಈ ವಿವೇಚನೆಯೇ ಕ್ರೈಸ್ತ ಮಾರ್ಗ.

ನಮ್ಮ ಮನೆಗಳಲ್ಲಿ

ಹಾಗಾದರೆ ಈ ಹಬ್ಬದಲ್ಲಿ ನಾವು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಮನೆಯಲ್ಲಿ ನಡೆದು ಬಂದ ಪದ್ಧತಿಯನ್ನು ಕಾನೂನೆಂದು ತಪ್ಪು ತಿಳಿಯದಿರೋಣ. ‘ನಮ್ಮಲ್ಲಿ ಹೀಗೆಯೇ’ ಎನ್ನುವ ಮುಂಚೆ, ಹೀಗೆಂದು ಹೇಳಿದವರು ಯಾರು, ಯಾವಾಗ ಹೇಳಿದರು, ಅವರ ಅಧಿಕಾರ ಇನ್ನೂ ಇದೆಯೇ ಎಂದು ಕೇಳೋಣ. ಬಹುಶಃ ಅದನ್ನು ಹೇಳಿದ ರಾಜ್ಯವೇ ಈಗ ಇಲ್ಲ.

ಎರಡನೆಯದಾಗಿ, ಪೌತಿ ಖಾತೆಗೆ ಅರ್ಜಿ ಹಾಕುವಾಗ, ಪಾಲುಪಟ್ಟಿ ಮಾಡುವಾಗ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಮಾತನಾಡೋಣ. ಅಪ್ಪನ ತಿಂಗಳ ಪೂಜೆ ಮುಗಿದ ಮರುದಿನವೇ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಪ್ರೀತಿಯಲ್ಲ. ಅವಳು ತಿಳಿದು, ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಿಂದ ಬಿಟ್ಟುಕೊಟ್ಟರೆ ಅದು ನಾವು ಕಿತ್ತುಕೊಂಡದ್ದು.

ಮೂರನೆಯದಾಗಿ, ಹಿರಿಯರು ಕೈಕಾಲು ಗಟ್ಟಿಯಿರುವಾಗಲೇ ಉಯಿಲು ಬರೆದಿಡುವುದು ಒಳ್ಳೆಯದು. ಆದರೆ ಉಯಿಲು ಹೆಣ್ಣುಮಕ್ಕಳನ್ನು ತಪ್ಪಿಸುವ ದಾರಿಯಾಗಬಾರದು. ಕಾನೂನು ಉಯಿಲಿಗೆ ಸ್ವಾತಂತ್ರ್ಯ ಕೊಟ್ಟಿದೆ, ಆ ಸ್ವಾತಂತ್ರ್ಯಕ್ಕೆ ದೇವರ ಮುಂದೆ ಉತ್ತರ ಹೇಳಬೇಕಾದವರು ನಾವೇ. ವೃದ್ಧಾಪ್ಯದಲ್ಲಿ ಯಾರ ಮನೆಯಲ್ಲಿ ಗಂಜಿ ಉಂಡೆವು, ಆಸ್ಪತ್ರೆಯಲ್ಲಿ ಯಾರು ರಾತ್ರಿ ಕಾದರು ಎಂಬುದನ್ನೂ ಬ್ಯಾಂಕಿನ ಸಾಲ ತೀರಿಸಿ ತೋಟ ಉಳಿಸಿದ ಮಗನ ಬೆವರನ್ನೂ ಒಟ್ಟಿಗೆ ತೂಗಿ ಬರೆಯೋಣ. ನ್ಯಾಯವೆಂದರೆ ಮಗನಿಂದ ಕಿತ್ತು ಮಗಳಿಗೆ ಕೊಡುವುದಲ್ಲ, ಇಬ್ಬರನ್ನೂ ಮಕ್ಕಳೆಂದು ಕಾಣುವುದು.

ನಾಲ್ಕನೆಯದಾಗಿ, ವಿಧವೆಯರ ವಿಷಯ. ತಿರುವಾಂಕೂರಿನ ಹಳೆಯ ಕಾಯಿದೆ ಅವರನ್ನು ತಮ್ಮ ಮನೆಯಲ್ಲೇ ಅತಿಥಿಯಾಗಿಸಿತ್ತು. ಇಂದು ಯಾವ ಕಾಯಿದೆಯೂ ಹೇಳದಿದ್ದರೂ ತಾಯಿಯನ್ನು ಸರದಿಯ ಮೇಲೆ ಮಕ್ಕಳ ಮನೆಗೆ ಕಳುಹಿಸುವಾಗ ನಾವು ಅದೇ ಸತ್ತ ಕಾಯಿದೆಯನ್ನು ಪಾಲಿಸುತ್ತಿದ್ದೇವೆ.

ಪ್ರಿಯರೇ, ಸಕಲ ಸಂತರ ಹಬ್ಬದಂದು ನಾವು ನೆನೆಯುವ ಸಂತರು ಯಾರು? ದರ್ಶನಗ್ರಂಥ ಹೇಳುವಂತೆ ಅವರು ಎಲ್ಲ ಜನಾಂಗಗಳಿಂದ, ಕುಲಗಳಿಂದ, ಭಾಷೆಗಳಿಂದ ಬಂದವರು, ಲೆಕ್ಕಕ್ಕೆ ಸಿಗದಷ್ಟು ಜನ. ಅವರಲ್ಲಿ ರಾಜರ ಪ್ರಜೆಗಳಿದ್ದಾರೆ, ಚಕ್ರವರ್ತಿಗಳ ಪ್ರಜೆಗಳಿದ್ದಾರೆ, ಈಗ ಹೆಸರೂ ಉಳಿಯದ ರಾಜ್ಯಗಳ ಪ್ರಜೆಗಳಿದ್ದಾರೆ. ಹೆಣ್ಣುಮಕ್ಕಳೂ ವಿಧವೆಯರೂ ಅಲ್ಲಿದ್ದಾರೆ. ಅವರ ರಾಜ್ಯಗಳು ಅಳಿದವು, ಆ ರಾಜ್ಯಗಳ ಕಾನೂನುಗಳಲ್ಲಿ ಕೆಲವು ಅಳಿದವು, ಕೆಲವು ಉಳಿದವು. ಆದರೆ ಒಂದು ರಾಜ್ಯದಲ್ಲಿ ಮಾತ್ರ ಗಡಿ ಬದಲಾಗುವುದಿಲ್ಲ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ನಾವು ದೇವರ ಮಕ್ಕಳಾದ್ದರಿಂದ ವಾರಸುದಾರರು, ಕ್ರಿಸ್ತರೊಡನೆ ಸಹವಾರಸುದಾರರು ಎಂದು ಕಲಿಸುತ್ತಾರೆ. ಆ ಆಸ್ತಿಯಲ್ಲಿ ಮಗನಿಗೊಂದು ಪಾಲು, ಮಗಳಿಗೆ ಕಾಲು ಪಾಲು ಎಂಬ ಲೆಕ್ಕವಿಲ್ಲ.

ಸ್ವರ್ಗದಲ್ಲಿ ಸಮಪಾಲಿನ ವಾರಸುದಾರರಾಗಿ ಕೂರಬಯಸುವ ನಾವು, ಭೂಮಿಯ ಮೇಲೆ ಒಂದೆರಡು ಎಕರೆ ತೋಟದ ಹಂಚಿಕೆಯಲ್ಲಿ ಅದನ್ನು ಅಭ್ಯಾಸ ಮಾಡಬೇಡವೇ? ಈ ನವೆಂಬರ್ ತಿಂಗಳು ಮೃತ ವಿಶ್ವಾಸಿಗಳ ಸ್ಮರಣೆಯ ತಿಂಗಳೂ ಹೌದು. ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ, ಅಲ್ಲಿ ಮಲಗಿರುವ ಹಿರಿಯರ ಹೆಸರಿನಲ್ಲಿ ನಡೆದ ಪಾಲುಗಳಲ್ಲಿ ಸರಿಪಡಿಸಬೇಕಾದದ್ದು ಇದ್ದರೆ, ಈ ವರ್ಷವೇ ಸರಿಪಡಿಸುವ ಮನಸ್ಸನ್ನು ಪ್ರಭುವಿನಲ್ಲಿ ಬೇಡಿಕೊಳ್ಳೋಣ. ಅದಕ್ಕಿಂತ ದೊಡ್ಡ ಪ್ರಾರ್ಥನೆಯನ್ನು ಆ ಆತ್ಮಗಳಿಗಾಗಿ ನಾವು ಸಲ್ಲಿಸಲಾರೆವು.

ಸಕಲ ಸಂತರೇ, ನಮಗಾಗಿ ಪ್ರಾರ್ಥಿಸಿರಿ.